ಕಾವಲಿಲ್ಲದ ನೀರಿನ ಮೇಲೆ

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದ ನನಗೆ ನಿಯಮವೆಂದರೆ ಅದರ ಹಿಂದೆಯೇ ಒಬ್ಬ ಮೇಲ್ವಿಚಾರಕ ನೆನಪಾಗುತ್ತಾನೆ. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕ, ಅವನ ಮೇಲೆ ಮುಖ್ಯ ಅಧೀಕ್ಷಕ, ಅವರಿಬ್ಬರ ಮೇಲೂ ಕಣ್ಣಿಡಲು ಜಾಗೃತ ದಳ. ಕಾವಲಿಲ್ಲದ ಕಡೆ ನಿಯಮವೂ ಇರುವುದಿಲ್ಲವೆಂಬುದು ನನ್ನ ವೃತ್ತಿಜೀವನ ನನಗೆ ಕಲಿಸಿದ ಪಾಠವಾಗಿತ್ತು. ಎಪ್ಪತ್ತು ದಾಟಿದ ಮೇಲೆ ಆ ಪಾಠವನ್ನು ತಿದ್ದಿಕೊಳ್ಳಬೇಕಾಗಿ ಬಂದ ಪ್ರಸಂಗವೊಂದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಅದರಲ್ಲಿ ನನ್ನ ಹೆಮ್ಮೆಗೆ ಹೆಚ್ಚು ಅವಕಾಶವಿಲ್ಲ.

2023ರ ಅಕ್ಟೋಬರ್ ತಿಂಗಳಲ್ಲಿ ನಾನು ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಹದಿಮೂರು ವರ್ಷದ ಮೊಮ್ಮಗ ಅಲ್ಲಿಯ ಜಲಾಶಯವೊಂದರ ದಡದಲ್ಲಿರುವ ಹಾಯಿದೋಣಿ ಸಂಘದ ಸದಸ್ಯ. ಡಿಂಗಿ ಎಂದು ಕರೆಯಲಾಗುವ ಈ ದೋಣಿಗಳು ಬಹಳ ಚಿಕ್ಕವು. ಅವನದು ಟಾಪರ್ ಎಂಬ ಬಗೆಯದು. ಹನ್ನೊಂದು ಅಡಿ ಉದ್ದ, ಒಂದೇ ಹಾಯಿ, ಒಬ್ಬನೇ ನಾವಿಕ. ಆ ಭಾನುವಾರ ಕಿರುಪಂದ್ಯಗಳ ಸರಣಿಯಿತ್ತು: ಒಂದೇ ದಿನದಲ್ಲಿ ಆರು ಪಂದ್ಯಗಳು, ಒಂದೊಂದೂ ಸುಮಾರು ಹದಿನೈದು ನಿಮಿಷದ್ದು. ಸಂಘದಲ್ಲಿ ಸಂಬಳದ ಆಳುಗಳಿಲ್ಲ. ಸದಸ್ಯರೂ ಅವರ ಮನೆಯವರೂ ಸರದಿಯಂತೆ ಕೆಲಸ ಹಂಚಿಕೊಳ್ಳುತ್ತಾರೆ. "ಅಪ್ಪಾ, ನಿಮಗೆ ಲೆಕ್ಕ ಬರುತ್ತದಲ್ಲ, ದಾಖಲೆ ಬರೆಯಲು ಕುಳಿತುಕೊಳ್ಳಿ" ಎಂದು ಮಗಳು ನನ್ನನ್ನು ದಡದ ಮರದ ಗೂಡಿಗೆ ಕಳುಹಿಸಿದಳು. ಅಲ್ಲಿದ್ದ ಹಿರಿಯ ಮಹಿಳೆಯೊಬ್ಬರು ದೋಣಿ ಗುರಿಗೆರೆ ದಾಟಿದಂತೆ ಅದರ ಹಾಯಿಯ ಮೇಲಿನ ಸಂಖ್ಯೆಯನ್ನು ಕೂಗುವುದು, ನಾನು ಬರೆದುಕೊಳ್ಳುವುದು ಎಂದು ಏರ್ಪಾಡಾಯಿತು.

ಪಂದ್ಯದ ಲೆಕ್ಕ ನಮ್ಮ ರೂಢಿಗೆ ತಿರುವುಮುರುವು. ಮೊದಲು ಬಂದವನಿಗೆ ಒಂದು ಅಂಕ, ಎರಡನೆಯವನಿಗೆ ಎರಡು. ಕೊನೆಯಲ್ಲಿ ಯಾರ ಮೊತ್ತ ಕಡಿಮೆಯೋ ಅವರು ವಿಜಯಿ. ಆರು ಪಂದ್ಯಗಳಲ್ಲಿ ಅತ್ಯಂತ ಕೆಟ್ಟ ಫಲವೊಂದನ್ನು ಮೊತ್ತದಿಂದ ಬಿಟ್ಟುಬಿಡಲಾಗುತ್ತದೆ. ಒಂದು ಸಲ ಗಾಳಿ ಕೈಕೊಟ್ಟರೆ ಇಡೀ ದಿನದ ಶ್ರಮ ವ್ಯರ್ಥವಾಗಬಾರದೆಂಬುದು ಇದರ ಆಶಯ. ಆದರೆ ಔದಾರ್ಯಕ್ಕೂ ಒಂದು ಮಿತಿಯಿದೆ. ನ್ಯಾಯಬದ್ಧ ಸ್ಪರ್ಧೆಯ ತತ್ತ್ವವನ್ನೇ ಮುರಿದವನನ್ನು, ಆ ಫಲವನ್ನು ಲೆಕ್ಕದಿಂದ ಬಿಡಲು ಆಗದಂತೆ ಅನರ್ಹಗೊಳಿಸಬಹುದು. ಕೈತಪ್ಪಿಗೆ ಕ್ಷಮೆಯುಂಟು, ಕಪಟಕ್ಕೆ ಇಲ್ಲ.

ದೊಡ್ಡವರ ಪಂದ್ಯದಲ್ಲಿ ನಾನಾ ಬಗೆಯ ದೋಣಿಗಳು ಒಟ್ಟಿಗೆ ಓಡುವುದರಿಂದ ಅಲ್ಲಿ ಇನ್ನೊಂದು ಲೆಕ್ಕ. ಪ್ರತಿಯೊಂದು ಬಗೆಗೂ ಒಂದು ಸಂಖ್ಯೆ ಗೊತ್ತುಮಾಡಿದ್ದಾರೆ. ಇದಕ್ಕೆ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಎಂದು ಹೆಸರು. ದೋಣಿ ತೆಗೆದುಕೊಂಡ ಕಾಲವನ್ನು ಸಾವಿರದಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಬೇಕು. 1100 ಸಂಖ್ಯೆಯ ವೇಗದ ದೋಣಿ 22 ನಿಮಿಷದಲ್ಲಿ ಬಂದರೂ, 1300 ಸಂಖ್ಯೆಯ ನಿಧಾನದ ದೋಣಿ 26 ನಿಮಿಷದಲ್ಲಿ ಬಂದರೂ, ಇಬ್ಬರಿಗೂ ಬರುವುದು 20 ನಿಮಿಷವೇ. ಅವರವರ ಸಾಧನಕ್ಕೆ ತಕ್ಕಂತೆ ಅವರವರ ಪ್ರಯತ್ನವನ್ನು ತೂಗುವ ಈ ಭಾಗಾಕಾರ ನನಗೆ ಬಹಳ ಹಿಡಿಸಿತು. ಮಕ್ಕಳದು ಎಲ್ಲವೂ ಒಂದೇ ಬಗೆಯ ದೋಣಿಯಾದ್ದರಿಂದ ಗೆರೆ ದಾಟಿದ ಕ್ರಮವೇ ಫಲಿತಾಂಶ.

ಎರಡನೆಯ ಪಂದ್ಯದ ನಡುವೆ ಒಂದು ವಿಚಿತ್ರ ಕಂಡೆ. ನೀರಿನಲ್ಲಿ ಲಂಗರು ಹಾಕಿ ತೇಲಬಿಟ್ಟ ಹಳದಿ ಬಣ್ಣದ ಗುರುತುಗಳನ್ನು ದೋಣಿಗಳು ಸುತ್ತಿ ಬರಬೇಕು. ತೀರ ದೂರದ ಗುರುತಿನ ಬಳಿ ವಯಸ್ಸಾದವರೊಬ್ಬರ ದೋಣಿ ಇದ್ದಕ್ಕಿದ್ದಂತೆ ಬದಿಗೆ ಸರಿದು, ಗಿರಗಟ್ಟಲೆಯಂತೆ ಒಂದು ಪೂರ್ಣ ಸುತ್ತು ತಿರುಗಿ, ಮತ್ತೆ ತನ್ನ ದಾರಿ ಹಿಡಿಯಿತು. ಅಷ್ಟರಲ್ಲಿ ನಾಲ್ಕು ದೋಣಿಗಳು ಮುಂದೆ ಹೋಗಿದ್ದವು. ಚುಕ್ಕಾಣಿ ಕೆಟ್ಟಿತೇನೋ ಎಂದುಕೊಂಡೆ. ಮಧ್ಯಾಹ್ನದ ಬಿಡುವಿನಲ್ಲಿ ಮೊಮ್ಮಗ ನಕ್ಕು ವಿವರಿಸಿದ: "ಇಲ್ಲ ಅಜ್ಜ, ಅವರ ದೋಣಿ ಗುರುತಿಗೆ ತಾಗಿರಬೇಕು. ತಾಗಿದರೆ ಒಂದು ಸುತ್ತು ಹಾಕಬೇಕು."

"ತಾಗಿದ್ದನ್ನು ನೋಡಿದವರು ಯಾರು?"

"ಅವರೇ."

ನಾನು ಮತ್ತೆ ಏನೂ ಕೇಳಲಿಲ್ಲ.

ಅಂದು ಗೂಡಿನ ಗೋಡೆಗೆ ತೂಗುಹಾಕಿದ್ದ ನಿಯಮಪುಸ್ತಕವನ್ನು ಕೈಗೆತ್ತಿಕೊಂಡೆ. ವರ್ಲ್ಡ್ ಸೇಲಿಂಗ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸಿ ಪ್ರಕಟಿಸುತ್ತದೆ. ಈಗ ಚಾಲ್ತಿಯಲ್ಲಿರುವುದು 2025ರಿಂದ 2028ರವರೆಗಿನ ಆವೃತ್ತಿ. ಒಲಿಂಪಿಕ್ ಕ್ರೀಡೆಗೂ ಹಳ್ಳಿಯ ಕೆರೆಯಲ್ಲಿ ಮಕ್ಕಳು ಓಡಿಸುವ ದೋಣಿಗೂ ಇದೇ ಆಧಾರ. ಸ್ಪರ್ಧಿಗಳು ನಿಯಮವನ್ನು ಪಾಲಿಸುವುದಷ್ಟೇ ಅಲ್ಲ, ಜಾರಿಗೊಳಿಸುವ ಹೊಣೆಯೂ ಅವರದೇ ಎಂಬುದು ಅದರ ಆರಂಭದಲ್ಲಿಯೇ ಬರುವ ಮೂಲತತ್ತ್ವ. ತಪ್ಪಿದವನು ತಡಮಾಡದೆ ತಾನೇ ದಂಡ ತೆರಬೇಕು. ಅಗತ್ಯವಾದರೆ ಪಂದ್ಯವನ್ನೇ ಬಿಟ್ಟು ಹೋಗಬೇಕು.

ನಿಯಮಗಳ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಉಚಿತ. ಗಾಳಿಯನ್ನು ಬಲಪಾರ್ಶ್ವದಿಂದ ಪಡೆಯುತ್ತಿರುವ ದೋಣಿಗೆ ಎಡಪಾರ್ಶ್ವದಿಂದ ಪಡೆಯುತ್ತಿರುವ ದೋಣಿ ದಾರಿ ಬಿಡಬೇಕು. ದಾರಿಯ ಹಕ್ಕು ತನ್ನದೆಂದು ಮತ್ತೊಬ್ಬನ ಮೇಲೆ ದೋಣಿ ನುಗ್ಗಿಸುವಂತಿಲ್ಲ. ಸಾಧ್ಯವಿದ್ದಷ್ಟೂ ಡಿಕ್ಕಿ ತಪ್ಪಿಸುವುದು ಹಕ್ಕುಳ್ಳವನ ಕರ್ತವ್ಯವೂ ಹೌದು. ಇತರರ ದಾರಿಗೆ ಅಡ್ಡಬಂದು ತಪ್ಪಿದವನಿಗೆ ಸಾಮಾನ್ಯವಾಗಿ ಎರಡು ಸುತ್ತು. ಕಿರುಪಂದ್ಯದಲ್ಲಿ ಎರಡು ಸುತ್ತೆಂದರೆ ಪಂದ್ಯವೇ ಕೈಬಿಟ್ಟಂತೆ. ಆದ್ದರಿಂದ ಈ ಸಂಘ ತನ್ನ ಸೂಚನಾಪತ್ರದಲ್ಲಿ ಅದನ್ನು ಒಂದಕ್ಕೆ ಇಳಿಸಿತ್ತು. ಹೊರಲಾರದ ದಂಡವನ್ನು ಮನುಷ್ಯ ಮರೆಮಾಚಲು ನೋಡುತ್ತಾನೆಂಬ ತಿಳಿವಳಿಕೆ ಅದರಲ್ಲಿದೆ. ಆದರೆ ಯಾರಿಗಾದರೂ ಗಾಯವಾಗಿದ್ದರೆ, ದೊಡ್ಡ ಹಾನಿಯಾಗಿದ್ದರೆ, ಅಥವಾ ಸುತ್ತು ಹಾಕಿದ ಮೇಲೂ ತಪ್ಪಿನಿಂದ ಗಣನೀಯ ಲಾಭ ಉಳಿದಿದ್ದರೆ, ಸುತ್ತು ಸಾಲದು, ಪಂದ್ಯದಿಂದಲೇ ನಿವೃತ್ತನಾಗಬೇಕು. ದಂಡ ಕಟ್ಟಿ ಲಾಭ ಉಳಿಸಿಕೊಳ್ಳುವ ವ್ಯಾಪಾರಕ್ಕೆ ಇಲ್ಲಿ ಬಾಗಿಲಿಲ್ಲ.

ಪಂದ್ಯಾರಂಭದ ನಿಯಮವಂತೂ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಸಂಕೇತಕ್ಕೆ ಮೊದಲೇ ಯಾರಾದರೂ ಗೆರೆ ದಾಟಿದರೆ ನೀಲಿ ಶಿಲುಬೆಯಿರುವ ಬಿಳಿ ಬಾವುಟ ಏರಿಸಿ ಒಮ್ಮೆ ಸದ್ದು ಮಾಡುತ್ತಾರೆ. ಯಾರೋ ದಾಟಿದ್ದಾರೆ ಎಂದು ಬಾವುಟ ಹೇಳುತ್ತದೆ, ಯಾರೆಂದು ಹೇಳುವುದಿಲ್ಲ. ಆ ಕ್ಷಣದಲ್ಲಿ ಪ್ರತಿಯೊಬ್ಬನೂ ತನ್ನನ್ನೇ ಕೇಳಿಕೊಳ್ಳಬೇಕು: ಅದು ನಾನೇ? ಹೌದೆನಿಸಿದರೆ ಹಿಂದಿರುಗಿ ಹೊಸದಾಗಿ ಹೊರಡಬೇಕು.

ಇವೆಲ್ಲಕ್ಕೂ ಮೊದಲನೆಯದಾಗಿ, ಅಪಾಯದಲ್ಲಿರುವವರಿಗೆ ಸಾಧ್ಯವಿರುವ ಎಲ್ಲ ನೆರವನ್ನೂ ನೀಡತಕ್ಕದ್ದೆಂಬ ನಿಯಮವಿದೆ. 1988ರ ಸೋಲ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗಳು ಪೂಸಾನಿನಲ್ಲಿ ನಡೆದಾಗ ಕೆನಡಾದ ಲಾರೆನ್ಸ್ ಲೆಮ್ಯೂ ಫಿನ್ ವರ್ಗದ ಪಂದ್ಯವೊಂದರಲ್ಲಿ ಎರಡನೆಯವರಾಗಿ ಸಾಗುತ್ತಿದ್ದರು. ಬಿರುಗಾಳಿಗೆ ಬೇರೆ ಪಂದ್ಯದ ಸಿಂಗಪುರದ ದೋಣಿಯೊಂದು ಮಗುಚಿ ಇಬ್ಬರು ನಾವಿಕರು ನೀರುಪಾಲಾಗಿದ್ದರು. ಲೆಮ್ಯೂ ತಮ್ಮ ದಾರಿ ಬಿಟ್ಟು ಹೋಗಿ ಅವರನ್ನು ರಕ್ಷಿಸಿ, ಅಧಿಕಾರಿಗಳ ದೋಣಿ ಬರುವತನಕ ಕಾದು, ಅನಂತರ ಪಂದ್ಯ ಮುಂದುವರಿಸಿ ಇಪ್ಪತ್ತೆರಡನೆಯವರಾಗಿ ಬಂದರು. ತೀರ್ಪುಗಾರರು ಆ ಪಂದ್ಯದಲ್ಲಿ ಅವರಿಗೆ ಎರಡನೆಯ ಸ್ಥಾನವನ್ನೇ ಮರಳಿ ಕೊಟ್ಟರು. ಸರಣಿಯ ಪದಕ ಅವರಿಗೆ ದೊರೆಯಲಿಲ್ಲ. ಕ್ರೀಡಾಧರ್ಮಕ್ಕಾಗಿ ಪಿಯರ್ ದ ಕೂಬರ್ತಾನ್ ಪದಕ ದೊರೆಯಿತು. ಇದು ಜಗತ್ತು ಕಂಡ ಸತ್ಕಾರ್ಯ. ನನ್ನ ಮನಸ್ಸನ್ನು ಕಲಕಿದ್ದು ಯಾರೂ ಕಾಣದ ಆ ಒಂಟಿ ಸುತ್ತು.

ಸಂಜೆ ಫಲಿತಾಂಶ ಪ್ರಕಟವಾಯಿತು. ಮೊಮ್ಮಗನ ಸ್ಥಾನಗಳು ಕ್ರಮವಾಗಿ 2, 4, 3, 5, 3, 3. ಕೆಟ್ಟದಾದ ಐದನ್ನು ಬಿಟ್ಟರೆ ಮೊತ್ತ 15. ಅವನ ಜೊತೆಯ ಹುಡುಗಿಯೊಬ್ಬಳ ಮೊತ್ತ 16. ಒಂದೇ ಅಂಕದಿಂದ ಅವನಿಗೆ ಮೂರನೆಯ ಸ್ಥಾನ, ಒಂದು ಪಿಂಗಾಣಿ ಲೋಟದ ಬಹುಮಾನ. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನು ಅವನು ಮಡಿಲಿನಲ್ಲಿಟ್ಟುಕೊಂಡಿದ್ದ.

ರಾತ್ರಿ ಕೋಟಿನ ಜೇಬಿನಿಂದ ಕನ್ನಡಕ ತೆಗೆಯುವಾಗ ಒಂದು ಚೀಟಿ ಕೈಗೆ ಬಂತು. ಐದನೆಯ ಪಂದ್ಯದ ವೇಳೆ ಮಳೆ ಹನಿಯುತ್ತಿದ್ದುದರಿಂದ ನಾನು ಸಂಖ್ಯೆಗಳನ್ನು ಮೊದಲು ಚೀಟಿಯಲ್ಲಿ ಗೀಚಿಕೊಂಡು ಆಮೇಲೆ ಹಾಳೆಗೆ ನಕಲು ಮಾಡಿದ್ದೆ. ಚೀಟಿಯಲ್ಲಿ ಮೂರನೆಯ ದೋಣಿಯ ಕೊನೆಯ ಅಂಕೆ 1. ಅದು ಆ ಹುಡುಗಿಯದು. ನಾಲ್ಕನೆಯದರ ಕೊನೆಯ ಅಂಕೆ 7. ಅದು ನನ್ನ ಮೊಮ್ಮಗನದು. ಹಾಳೆಯಲ್ಲಿ ನಾನು ಅವೆರಡನ್ನು ಅದಲುಬದಲು ಮಾಡಿದ್ದೆ. ಮಳೆಯ ಅವಸರವೋ, ಅಥವಾ ವಾತ್ಸಲ್ಯವೇ ಕೈಯನ್ನು ನಡೆಸಿತೋ, ಇಂದಿಗೂ ನಿಶ್ಚಯಿಸಲಾರೆ. ಸರಿಯಾದ ಲೆಕ್ಕದಲ್ಲಿ ಹುಡುಗಿಗೆ 15, ಮೊಮ್ಮಗನಿಗೆ 16.

ಆ ಚೀಟಿಯನ್ನು ಹಿಡಿದು ಬಹಳ ಹೊತ್ತು ಕುಳಿತೆ. ಅದನ್ನು ಹರಿದುಹಾಕಿದರೆ ಸಾಕ್ಷಿಯೆಂಬುದೇ ಇರಲಿಲ್ಲ. ಆಗ ನನ್ನ ಕಣ್ಣ ಮುಂದೆ ಬಂದದ್ದು 1987ರ ಒಂದು ಮೌಲ್ಯಮಾಪನ ಕೇಂದ್ರ. ಅಲ್ಲಿ ಹತ್ತನೆಯ ತರಗತಿಯ ಗಣಿತದ ಉತ್ತರಪತ್ರಿಕೆಯೊಂದಕ್ಕೆ 32 ಅಂಕ ಬರೆದು ಕಟ್ಟನ್ನು ಒಪ್ಪಿಸಿದ್ದೆ. ತೇರ್ಗಡೆಗೆ ಬೇಕಾದದ್ದು 35. ರಾತ್ರಿ ಮಲಗಿದಾಗ ನೆನಪಾಯಿತು: ಹಿಂದೆ ದಾರದಿಂದ ಕಟ್ಟಿದ್ದ ಹೆಚ್ಚುವರಿ ಹಾಳೆಯಲ್ಲಿ ನಾನೇ ಕೊಟ್ಟ ಐದು ಅಂಕಗಳನ್ನು ಮೊತ್ತಕ್ಕೆ ಸೇರಿಸಿರಲಿಲ್ಲ. ಮರುದಿನ ಬೆಳಗ್ಗೆ ಹೇಳಬಹುದಾಗಿತ್ತು. ಮೇಲಧಿಕಾರಿಯ ಮುಂದೆ ತಲೆತಗ್ಗಿಸಬೇಕಲ್ಲ ಎಂಬ ಸಂಕೋಚಕ್ಕೆ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಆ ವಿದ್ಯಾರ್ಥಿ ಯಾರು, ಗಂಡೋ ಹೆಣ್ಣೋ, ಅನಂತರ ಏನಾಯಿತು, ನನಗೆ ತಿಳಿಯದು. ಅಷ್ಟೆಲ್ಲ ಕಾವಲಿದ್ದ ಆ ವ್ಯವಸ್ಥೆಯಲ್ಲಿ ನನ್ನ ಮೌನವನ್ನು ಹಿಡಿಯುವ ಕಾವಲು ಇರಲಿಲ್ಲ.

ನಿಯಮಪುಸ್ತಕದಲ್ಲಿ ದಾಖಲೆ ಬರೆಯುವವರಿಗೂ ಒಂದು ಮಾತಿದೆ. ತನ್ನ ದಾಖಲೆಯಿಂದಲೇ ಆಗಲಿ, ತಾನು ಕಂಡದ್ದರಿಂದಲೇ ಆಗಲಿ, ಅಂಕ ತಪ್ಪಾಗಿದೆಯೆಂದು ಪಂದ್ಯಸಮಿತಿಗೆ ತಿಳಿದುಬಂದರೆ ಅದನ್ನು ತಿದ್ದಿ ಪ್ರಕಟಿಸತಕ್ಕದ್ದು. ಯಾರಾದರೂ ದೂರು ಕೊಡಲಿ ಎಂದು ಕಾಯುವಂತಿಲ್ಲ.

ಬೆಳಗ್ಗೆ ಚೀಟಿಯನ್ನು ಮೊದಲು ಮೊಮ್ಮಗನಿಗೇ ತೋರಿಸಿದೆ. ಅವನ ಮುಖ ಸಣ್ಣದಾಯಿತು. ತುಸು ಹೊತ್ತು ಬಿಟ್ಟು, "ಅಜ್ಜ, ಅವಳೇ ಮುಂದಿದ್ದಳು ಅಂತ ನನಗೂ ಅನುಮಾನ ಇತ್ತು. ಹಾಳೆಯಲ್ಲಿ ನನ್ನ ಹೆಸರು ಮೇಲಿತ್ತಲ್ಲ, ಸುಮ್ಮನಿದ್ದುಬಿಟ್ಟೆ" ಎಂದ. ನಾನು ಬರೆದದ್ದು ಬರಿಯ ತಪ್ಪು ಸಂಖ್ಯೆಯಾಗಿರಲಿಲ್ಲ. ಒಂದು ಮಗುವಿನ ಅನುಮಾನವನ್ನು ಅದು ಅಡಗಿಸಿಬಿಟ್ಟಿತ್ತು. ಮಗಳು ಸಮಿತಿಯವರಿಗೆ ಫೋನ್ ಮಾಡಿ ಕೊಟ್ಟಳು. ನನ್ನ ತಪ್ಪನ್ನು ನಾನೇ ಹೇಳಿದೆ. ಗೂಡಿನಲ್ಲಿ ನನ್ನೊಡನಿದ್ದ ಆ ಮಹಿಳೆ ಧನ್ಯವಾದ ಹೇಳಿ, ತಿದ್ದಿದ ಪಟ್ಟಿಯನ್ನು ಅಂದೇ ಹಾಕುವುದಾಗಿ ತಿಳಿಸಿದರು. ಗದರಿಕೆಯಿಲ್ಲ, ಹೊಗಳಿಕೆಯೂ ಇಲ್ಲ. ಮುಂದಿನ ಭಾನುವಾರ ಮೊಮ್ಮಗ ಲೋಟವನ್ನು ತೊಳೆದು ಒಯ್ದು ಆ ಹುಡುಗಿಯ ಕೈಗಿತ್ತ. ಅವಳು ಏನೋ ಹೇಳಿದಳು, ಇಬ್ಬರೂ ನಕ್ಕರು, ದೋಣಿಗಳನ್ನು ನೀರಿಗೆ ತಳ್ಳಿದರು.

ದಂಡದ ಸುತ್ತಿಗೆ ಇನ್ನೊಂದು ಷರತ್ತಿದೆ: ಘಟನೆಯಾದ ಮೇಲೆ ಆದಷ್ಟು ಬೇಗ, ಇತರ ದೋಣಿಗಳಿಂದ ದೂರ ಸರಿದು, ಒಡನೆಯೇ ಹಾಕಬೇಕು. ತಡವಾಗಿ, ಅನುಕೂಲ ನೋಡಿ ಹಾಕಿದ ಸುತ್ತು ಲೆಕ್ಕಕ್ಕೆ ಬಾರದು. ಮೊಮ್ಮಗನ ಲೋಟ ಒಂದು ವಾರದಲ್ಲಿ ಸೇರಬೇಕಾದವರನ್ನು ಸೇರಿತು. 1987ರ ಆ ಐದು ಅಂಕಗಳನ್ನು ಕೊಡಲು ಈಗ ನನಗೆ ವಿಳಾಸವಿಲ್ಲ. ಈ ಬರಹವನ್ನು ಆ ಸಾಲಕ್ಕೆ ಜಮಾ ಮಾಡಿಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಇದನ್ನು ಓದುವವರ ಕೈಯಲ್ಲಿ ಮಕ್ಕಳ ಅಂಕಪಟ್ಟಿಯೋ, ಸಂಸ್ಥೆಯೊಂದರ ಲೆಕ್ಕಪುಸ್ತಕವೋ ಇರಬಹುದು; ಜೇಬಿನಲ್ಲಿ ಇನ್ನೂ ಹರಿಯದ ಚೀಟಿಯೊಂದೂ ಇರಬಹುದು. ಅವರಿಗೆ ಮರುದಿನದ ಬೆಳಗು ಇನ್ನೂ ಉಳಿದಿದೆ.