‘ಪೋಬ್ರೆ’ ಎಂಬ ಶಬ್ದ

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ಪೇನ್ ದೇಶದಿಂದ ಕಳುಹಿಸಿದ ವ್ಯಾಕರಣ ಪುಸ್ತಕವನ್ನು ಹಿಡಿದು ಕಳೆದ ಬೇಸಗೆಯ ರಜೆಯಲ್ಲಿ ನಾನು ಸ್ಪ್ಯಾನಿಷ್ ಭಾಷೆಯನ್ನು ಕಲಿಯತೊಡಗಿದೆನು. ‘ಪೋಬ್ರೆ’ ಎಂಬ ಗುಣವಾಚಕದ ಬಳಿ ನನ್ನ ಓದು ನಿಂತಿತು.

ಪೋಬ್ರೆ ಎಂದರೆ ಬಡ. ಪುಲ್ಲಿಂಗಕ್ಕೂ ಸ್ತ್ರೀಲಿಂಗಕ್ಕೂ ಅದೇ ರೂಪ, ಬಹುವಚನದಲ್ಲಿ ಪೋಬ್ರೆಸ್. ಇಷ್ಟು ಸುಲಭವೇ. ಆದರೆ ನಮ್ಮ ಭಾಷೆಯಲ್ಲಿ ಗುಣವಾಚಕವು ನಾಮಪದಕ್ಕೆ ಮೊದಲು ಬರುವುದು. ಅಲ್ಲಿ ಸಾಮಾನ್ಯವಾಗಿ ಅನಂತರ ಬರುವುದು. ಪೋಬ್ರೆಯಾದರೋ ಎರಡು ಕಡೆಯೂ ನಿಲ್ಲುವುದು. ಸ್ಥಳ ಬದಲಾದರೆ ಅರ್ಥವೂ ಬೇರೆ. ‘ನೀನ್ಯಾ’ ಎಂದರೆ ಹುಡುಗಿ. ‘ನೀನ್ಯಾ ಪೋಬ್ರೆ’ ಎಂದರೆ ಹಣವಿಲ್ಲದ ಮನೆಯ ಹುಡುಗಿ. ‘ಪೋಬ್ರೆ ನೀನ್ಯಾ’ ಎಂದರೆ, ಅಯ್ಯೋ ಪಾಪ ಎನ್ನಿಸಿಕೊಳ್ಳತಕ್ಕವಳು. ಆಕೆಯ ತಂದೆ ಧನಿಕನೇ ಆಗಿರಬಹುದು.

ನಾನು ಫೀಸಿನ ಮಾಫಿ ಪಡೆದು ಓದಿದವಳು. ಒಮ್ಮೆ ತರಗತಿಗೆ ಅತಿಥಿಗಳು ಬಂದಾಗ ಉಪಾಧ್ಯಾಯಿನಿಯವರು ನನ್ನನ್ನು ಎದ್ದು ನಿಲ್ಲಿಸಿ, ‘ಈಕೆ ಬಡ ಹುಡುಗಿ’ ಎಂದರು. ಅದು ನಿಜವೇ, ತಂದೆಯವರಿಗೆ ಫೀಸು ಕಟ್ಟುವ ಶಕ್ತಿಯಿರಲಿಲ್ಲ. ಆದರೆ ಅತಿಥಿಗಳಲ್ಲೊಬ್ಬರು ಮರುಗಿ ನನ್ನ ತಲೆಯನ್ನು ಸವರಿದರು. ಆ ವರ್ಷ ಗಣಿತದಲ್ಲಿ ತರಗತಿಗೆ ನಾನೇ ಮೊದಲನೆಯವಳು! ಅದನ್ನು ಯಾರೂ ಹೇಳಲಿಲ್ಲ.

ಹೀಗಿದ್ದೂ, ಮುಖ್ಯೋಪಾಧ್ಯಾಯಿನಿಯಾದ ಮೇಲೆ ‘ಬಡ ವಿದ್ಯಾರ್ಥಿನಿಯರ ಪಟ್ಟಿ’ಯನ್ನು ಪ್ರತಿ ವರ್ಷವೂ ಪ್ರಾರ್ಥನಾ ಸಭೆಯಲ್ಲಿ ನಾನೇ ಗಟ್ಟಿಯಾಗಿ ಓದುತ್ತಿದ್ದೆನು. ಈ ಸ್ಪ್ಯಾನಿಷ್ ಪಾಠವಾಗುವವರೆಗೆ ಅದರ ತಪ್ಪು ನನಗೆ ತೋರಲೇ ಇಲ್ಲ. ಅಲ್ಲಿ ತಮ್ಮ ಹೆಸರನ್ನು ಕೇಳಿದ ಹುಡುಗಿಯರು ಇದನ್ನು ಓದುತ್ತಿದ್ದರೆ ನನ್ನನ್ನು ಕ್ಷಮಿಸಬೇಕು. ಈ ಜೂನ್ ತಿಂಗಳಿನಿಂದ ಪಟ್ಟಿಯ ತಲೆಬರಹ ‘ಫೀಸಿನ ವಿನಾಯಿತಿ’ ಎಂದಾಗಿದೆ. ಅದು ಕಛೇರಿಯ ಬೀರುವಿನಲ್ಲಿಯೇ ಇರುವುದು.