ಯಂತ್ರದ ತಲೆಬಾಗಿಲು

ಮನೆ ಕಟ್ಟಿಸುವವನು ಅಡುಗೆಮನೆಗೆ ಹಾಕಲು ಹಿಂದೆಗೆದ ಹಣವನ್ನು ತಲೆಬಾಗಿಲಿಗೆ ಧಾರಾಳವಾಗಿ ಸುರಿಯುತ್ತಾನೆ. ನಮ್ಮ ಕಡೆಯ ಹಳೆಯ ವಾಡೆಗಳನ್ನೇ ನೋಡಿರಿ. ಒಳಗೆ ಕತ್ತಲೆಯಿದ್ದೀತು, ಗೋಡೆಯ ಮಣ್ಣು ಉದುರುತ್ತಿದ್ದೀತು. ಬಾಗಿಲ ಚೌಕಟ್ಟಿನ ಮೇಲೆ ಮಾತ್ರ ಬಡಿಗನು ಹೂಬಳ್ಳಿ ಕೆತ್ತದೆ ಬಿಟ್ಟಿರುವುದಿಲ್ಲ.

ಗಣಕಯಂತ್ರಕ್ಕೂ ಇಂಥದೊಂದು ತಲೆಬಾಗಿಲು ಉಂಟು. ಹೆಸರು ಹೇಳಿ, ಗುಪ್ತಪದ ಒತ್ತಿ ಒಳಗೆ ನುಗ್ಗುವ ಅವಸರದಲ್ಲಿ ಆ ಪರದೆಯನ್ನು ದಿಟ್ಟಿಸಿ ನೋಡುವವರು ಕಡಿಮೆ. ಆದರೆ ಲಿನಕ್ಸ್ ಹಾಕಿಕೊಂಡವರಿಗೆ ಅದನ್ನು ಸಿಂಗರಿಸುವ ಚಪಲ ಒಮ್ಮೆಯಾದರೂ ಹುಟ್ಟದೆ ಇರದು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದು ಹಂಚಿದ ತಿರುಳಿನ ಸುತ್ತ ಬೆಳೆದ ವ್ಯವಸ್ಥೆ ಅದು. ಇಲ್ಲಿ ಬಾಗಿಲನ್ನಷ್ಟೇ ಅಲ್ಲ, ಬಾಗಿಲ ಕಾವಲುಗಾರನನ್ನೂ ಬದಲಿಸಬಹುದು.

ವಿಜಯಪುರದ ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ ಹಳೆಯ ಗಣಕವೊಂದಿದೆ. ಅದರ ಕಾವಲುಗಾರನ ಹೆಸರು ಲೈಟ್‌ಡಿಎಂ. ಅವನ ಪರವಾಗಿ ಮುಂದೆ ನಿಂತು ಮಾತನಾಡಿಸುವ ಭಾಗಕ್ಕೆ ಗ್ರೀಟರ್, ಎಂದರೆ ಸ್ವಾಗತಕಾರ, ಎಂದೇ ಹೆಸರು. ಹಿನ್ನೆಲೆಯ ಚಿತ್ರ, ಅಕ್ಷರದ ರೂಪ, ಗಡಿಯಾರ, ಎಲ್ಲವೂ ಒಂದು ಸಣ್ಣ ಕಡತದಲ್ಲಿ ಒಂದೊಂದು ಸಾಲು. ಸಾಲು ತಿದ್ದಿದರೆ ಬಾಗಿಲು ಬದಲಾಗುತ್ತದೆ. ತಿದ್ದಲು ಮಾತ್ರ ಯಜಮಾನನ ಗುಪ್ತಪದ ಬೇಕು.

ನಮ್ಮಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ನಾಲ್ಕೂ ಕಡೆಯ ಮಕ್ಕಳು ಓದುತ್ತಾರೆ. ಯಾವ ಚಿತ್ರ ಹಾಕೋಣ ಎಂದು ಕೇಳಿದ್ದೇ ತಡ, ತಾಲ್ಲೂಕಿಗೊಂದು ಪಕ್ಷವಾಯಿತು. ಇಂಡಿಯವನಿಗೆ 2023ರಲ್ಲಿ ಭೌಗೋಳಿಕ ಗುರುತು ಪಡೆದ ತನ್ನೂರ ನಿಂಬೆ. ಸಿಂದಗಿಯವನಿಗೆ ತೆನೆ ತೂಗುವ ಬಿಳಿಜೋಳದ ಹೊಲ. ಬಾಗೇವಾಡಿಯವಳಿಗೆ ಬಸವೇಶ್ವರರ ಗುಡಿ. ಒಬ್ಬನಂತೂ ಚಿತ್ರವನ್ನು ತನ್ನ ಖಾತೆಯಲ್ಲಿ ಆಗಲೇ ಸಿದ್ಧವಾಗಿಟ್ಟಿದ್ದ. ಆದರೆ ಅಲ್ಲಿಂದ ಅದು ಬಾಗಿಲಿಗೆ ಬರಲೊಲ್ಲದು. ಯಾರೂ ಒಳಗೆ ಬರುವ ಮುನ್ನವೇ ನಿಂತಿರಬೇಕಾದ ಸ್ವಾಗತಕಾರನು ತನ್ನದೇ ಬೇರೆ ಖಾತೆಯಲ್ಲಿರುತ್ತಾನೆ. ಮತ್ತೊಬ್ಬರ ಖಾಸಗಿ ಕೋಣೆಯನ್ನು ಇಣುಕುವ ಅಧಿಕಾರ ಅವನಿಗೆ ಸಾಮಾನ್ಯವಾಗಿ ಇರುವುದಿಲ್ಲ. ಬಾಗಿಲಿಗೆ ಹಾಕುವ ಚಿತ್ರ ಎಲ್ಲರಿಗೂ ಎಟುಕುವ ಸಾರ್ವಜನಿಕ ಕಪಾಟಿನಲ್ಲಿ ಇರಬೇಕು. ಈ ಕಟ್ಟಳೆ ನನಗೆ ಬಹಳ ಹಿಡಿಸಿತು.

ಈ ಗಲಾಟೆಯ ನಡುವೆ, ಮುದ್ದೇಬಿಹಾಳದ ಕಡೆಯ ಹಳ್ಳಿಯಿಂದ ಬಂದ ಮೊದಲ ವರ್ಷದ ಹುಡುಗಿಯೊಬ್ಬಳು ಸುಮ್ಮನೆ ನಿಂತಿದ್ದಳು. ನಿನಗೆ ಯಾವ ಚಿತ್ರ ಬೇಕಮ್ಮ ಎಂದೆ. “ಚಿತ್ರ ಯಾವುದರ ಇರ್ಲಿ ಸರ. ಇಲ್ಲಿ ಏನ್ ಮಾಡ್ಬೇಕು ಅನ್ನೋದು ಕನ್ನಡದಾಗ ಬರಸ್ರಿ. ಯಾರ್ನರ ಕೇಳಾಕ ನಾಚಿಕಿ ಆಗ್ತದ” ಎಂದಳು.

ಪಕ್ಷಗಳೆಲ್ಲ ಅಲ್ಲಿಗೆ ಮುರಿದುವು. ಗ್ನೋಮ್‌ನ ಜಿಡಿಎಂ ಎಂಬ ಕಾವಲುಗಾರನಾದರೆ ಸಂದೇಶ ತೋರಿಸಲು ಪ್ರತ್ಯೇಕ ಜಾಗವನ್ನೇ ಇಟ್ಟಿದ್ದಾನೆ. ನಮ್ಮವನಿಗಾಗಿ ತಿಳಿಬಣ್ಣದ ಒಂದು ಚಿತ್ರವನ್ನೇ ಮಾಡಿ, ಅದರೊಳಗೆ ಬರೆದೆವು: ನಿಮ್ಮ ಹೆಸರನ್ನು ಆರಿಸಿರಿ, ಗುಪ್ತಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರಿ, ಮುಗಿದ ಮೇಲೆ ಎಂಟರ್ ಒತ್ತಿರಿ. ಖಾತೆಗಳ ಪೂರ್ಣ ಹೆಸರುಗಳನ್ನೂ ಕನ್ನಡಕ್ಕೆ ತಿರುಗಿಸಿದೆವು. ಹೆಸರು ಆರಿಸಿದೊಡನೆ ಅವರವರ ಚಿತ್ರವೇ ಹಿಂದೆ ಮೂಡುವಂತೆ ಮಾಡುವ ಸೌಲಭ್ಯ ಈ ಸ್ವಾಗತಕಾರನಲ್ಲಿದೆ. ಬರೆದ ಮಾತು ಮರೆಯಾಗಬಾರದೆಂದು ಅದನ್ನು ಆರಿಸಿಟ್ಟೆವು. ನಿಂಬೆ, ಜೋಳ, ಗುಡಿ ಒಳಗೆ ಅವರವರ ಮೇಜಿನ ಮೇಲೆ ಉಳಿದಿವೆ.

ಆದರೂ ಕೊರತೆಯೊಂದು ಉಳಿದೇ ಇದೆ. ಪಟ್ಟಿಯಲ್ಲಿ ಕಾಣುವ ಹೆಸರು ಕನ್ನಡದ್ದು; ಯಂತ್ರವು ಒಳಗೆ ನೆನಪಿಡುವ ಹೆಸರು ಇಂದಿಗೂ ರೋಮನ್ ಅಕ್ಷರದ್ದೇ. ಗುಪ್ತಪದವನ್ನು ಕನ್ನಡದಲ್ಲಿಡಲು ಹೋದರೆ, ಬಾಗಿಲ ಬಳಿ ಕನ್ನಡದ ಕೀಲಿಮಣೆ ವಿನ್ಯಾಸ ಸಿಗದಿದ್ದಾಗ ತನ್ನ ಮನೆಗೆ ತಾನೇ ಹೊರಗಿನವನಾಗಿ ನಿಲ್ಲಬೇಕಾಗುತ್ತದೆ. ಹಳ್ಳಿಯ ಹುಡುಗಿಗೆ ಬಾಗಿಲಲ್ಲಿ ಅವಳ ಭಾಷೆ ದೊರೆಯಿತು. ಬೀಗಕ್ಕೆ ಇನ್ನೂ ಪರಭಾಷೆಯ ಕೀಲಿಯೇ ಬೇಕು. ಕನ್ನಡ ಬಲ್ಲ ತಂತ್ರಜ್ಞರು ಬಣ್ಣದ ಕಡೆಗೆ ಕೊಡುವ ಗಮನದಲ್ಲಿ ಸ್ವಲ್ಪವನ್ನು ಈ ಬೀಗದ ಕಡೆಗೂ ಕೊಟ್ಟಾರೆಂದು ನಾನು ಆಸೆಯಿಟ್ಟುಕೊಂಡಿದ್ದೇನೆ.