ಸೊಂಟದ ಭಾರ

ಕೊಂಢವಾದ ಸಾಳುಂಕೆ ವಿಹಾರದಲ್ಲಿರುವ ಆ ನಿವೃತ್ತ ಸುಬೇದಾರರು ಕೊಡವರು. ಊರಿನ ಮನೆಯ ಕೋವಿಗೆ ಲೈಸೆನ್ಸ್ ಬೇಕಿಲ್ಲ. ಕೈಲ್‌ಪೊಳ್ದ್ ಬಂದರೆ ಹೂವಿಟ್ಟು ಪೂಜೆ. ಕೊಡಗಿನಾಚೆ ಆ ವಿನಾಯಿತಿ ರಿವಾಲ್ವರ್‌ಗಿಲ್ಲ. ಪೆಟ್ರೋಲ್ ಬಂಕಿನ ಹಣ ಒಯ್ಯುವ ಕೆಲಸ ಅವರದು. ಹಾಗಾಗಿ ಪೊಲೀಸ್ ಆಯುಕ್ತರ ಕಚೇರಿಯಿಂದ ಲೈಸೆನ್ಸ್ ಪಡೆದು, ಅಂಗಿಯಡಿ .32 ಕಟ್ಟಿಕೊಂಡೇ ಓಡಾಟ.

ಮಳೆಗಾಲದ ಒಂದು ರಾತ್ರಿ ಜ್ಯೋತಿ ಹೋಟೆಲ್ ಚೌಕದ ಹತ್ತಿರ ಹುಡುಗನೊಬ್ಬ ‘ಕಾಕಾ, ಕಾಕಾ’ ಎನ್ನುತ್ತ ಬೆನ್ನಿಗೇ ಬಂದ. ಒಂದು ಕೈ ಜೇಬಿನಲ್ಲಿ. ಸುಬೇದಾರರು ನಿಂತಿದ್ದ ರಿಕ್ಷಾದ ಆಚೆ ಸರಿದು, ಅಂಗೈ ಎತ್ತಿ, ನಾಲ್ಕು ಜನಕ್ಕೆ ಕೇಳುವಂತೆ ‘ತಿಥೂನಚ್ ಬೋಲ್’ ಎಂದರು, ಅಲ್ಲಿಂದಲೇ ಹೇಳು. ಅವನು ನಿಲ್ಲಲಿಲ್ಲ. ಇವರು ಇನ್ನೆರಡು ಹೆಜ್ಜೆ ಹಿಂದೆ ಹೋದರು. ಕೈ ಸೊಂಟಕ್ಕೆ ಹೋಗಲಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಝಳಪಿಸುವಂತಿಲ್ಲ. ಆತ್ಮರಕ್ಷಣೆಯ ಹಕ್ಕೂ ಅಪಾಯ ಇದ್ದಷ್ಟಕ್ಕೇ. ಸುಮ್ಮನೆ ಹೆದರಿಸಲು ತೋರಿಸುವುದು ಸಿನಿಮಾದ ಮಾತು.

ಮೆಡಿಕಲ್ ಶಾಪಿನ ಬೆಳಕಿಗೆ ಬಂದ ಮೇಲೆ ಹುಡುಗ ಜೇಬಿನಿಂದ ತೆಗೆದದ್ದು ಒದ್ದೆ ಚೀಟಿ. ತಾಯಿಯ ಇನ್ಸುಲಿನ್‌ಗೆ ಇನ್ನೂರು ರೂಪಾಯಿ ಸಾಲದಂತೆ. ನಿಜವೋ ಸುಳ್ಳೋ, ಇವರು ದುಡ್ಡನ್ನು ಅಂಗಡಿಯವನ ಕೈಗೇ ಕೊಟ್ಟರು.

‘ಇದು ಇಲ್ಲದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ’ ಎಂದು ಮನೆಯಲ್ಲಿ ಹೇಳಿದರು.

‘ಹಾಗಾದರೆ ಮನೆಯಲ್ಲೂ ಕಟ್ಟಿಕೊಂಡೇ ಇರಿ’ ಎಂದರು ಹೆಂಡತಿ.